ಜಿನೀವಾಕ್ಕೆ ಹೋಗದ ಕಿಟಕಿ

ಪರಾಧೀನವಾಗಿದ್ದ ನಾಡೊಂದು ಸ್ವತಂತ್ರವಾದೊಡನೆ ಅದರ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ: ಲೋಕದ ಎದುರಿಗೆ ನಾವು ಯಾರೆಂದು ಹೇಳಿಕೊಳ್ಳಬೇಕು? ಧ್ವಜ, ನಾಣ್ಯ, ಅಂಚೆಚೀಟಿಗಳ ಮಟ್ಟಿಗೆ ಉತ್ತರ ಬೇಗ ದೊರೆಯುತ್ತದೆ. ಕಲೆ, ಸಾಹಿತ್ಯಗಳಲ್ಲಿ ಅದು ಅಷ್ಟು ಸುಲಭವಲ್ಲ. ಐರ್ಲೆಂಡಿನ ಮಟ್ಟಿಗೆ ಈ ಕಷ್ಟವನ್ನು ನನಗೆ ಗ್ರಂಥಗಳಿಗಿಂತ ಸ್ಪಷ್ಟವಾಗಿ ತಿಳಿಸಿದುದು ಒಂದು ಬಣ್ಣದ ಗಾಜಿನ ಕಿಟಕಿ. ಅದನ್ನು ನಾನು ಕಂಡಿರುವುದು ಛಾಯಾಚಿತ್ರಗಳಲ್ಲಿ ಮಾತ್ರ.

1922ರಲ್ಲಿ ಐರಿಷ್ ಸ್ವತಂತ್ರ ರಾಜ್ಯ ಸ್ಥಾಪಿತವಾಯಿತು. ಮರುವರ್ಷ ಅದು ರಾಷ್ಟ್ರಸಂಘವನ್ನು ಸೇರಿತು. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಭವನಕ್ಕೆ ತನ್ನ ಕಾಣಿಕೆಯಾಗಿ ಒಂದು ಕಿಟಕಿಯನ್ನು ಕೊಡಬೇಕೆಂದು ಹೊಸ ಸರ್ಕಾರ ನಿಶ್ಚಯಿಸಿ, ಆ ಕೆಲಸವನ್ನು ಡಬ್ಲಿನ್ನಿನ ಹ್ಯಾರಿ ಕ್ಲಾರ್ಕ್‌ಗೆ ಒಪ್ಪಿಸಿತು. 1889ರಲ್ಲಿ ಹುಟ್ಟಿದ ಈತನ ತಂದೆ ಇಂಗ್ಲೆಂಡಿನ ಲೀಡ್ಸ್ ನಗರದಿಂದ ಬಂದು ಡಬ್ಲಿನ್ನಿನಲ್ಲಿ ಚರ್ಚುಗಳ ಅಲಂಕಾರದ ಕಾರ್ಯಾಗಾರ ನಡೆಸಿದವನು. ತಾಯಿ ಐರ್ಲೆಂಡಿನ ಸ್ಲೈಗೋ ಪ್ರಾಂತದವಳು. ಕಾರ್ಕ್ ನಗರದ ಹೊನಾನ್ ಪ್ರಾರ್ಥನಾ ಮಂದಿರದ ಕಿಟಕಿಗಳಿಂದ ಕ್ಲಾರ್ಕ್ ಮೂವತ್ತು ತುಂಬುವ ಮೊದಲೇ ಹೆಸರಾಗಿದ್ದ.

ಈ ಕಿಟಕಿಗೆ ಆತ ವಸ್ತುವಾಗಿ ಆಯ್ದುಕೊಂಡದ್ದು ಸಂತರನ್ನಲ್ಲ, ವೀರರನ್ನಲ್ಲ. ಆಧುನಿಕ ಐರಿಷ್ ಸಾಹಿತ್ಯವನ್ನು. ಎಂಟು ಫಲಕಗಳಲ್ಲಿ ಹದಿನೈದು ಲೇಖಕರ ಕೃತಿಗಳ ದೃಶ್ಯಗಳು. ಆ ಲೇಖಕರ ಸಾಲನ್ನೊಮ್ಮೆ ನೋಡಬೇಕು. 1916ರ ದಂಗೆಯ ಮುಂದಾಳಾಗಿ ಗುಂಡಿಗೆ ಬಲಿಯಾದ ಪಿಯರ್ಸ್ ಇದ್ದಾನೆ. ಬಾಳಿನ ಬಹುಭಾಗವನ್ನು ಇಂಗ್ಲೆಂಡಿನಲ್ಲೇ ಕಳೆದ ಶಾ ಇದ್ದಾನೆ. ಜಮೀನುದಾರ ಮನೆತನದ ಲೇಡಿ ಗ್ರೆಗರಿ ಇದ್ದಾಳೆ. ಡಬ್ಲಿನ್ನಿನ ಬಡವರ ನಾಟಕ ಬರೆದ ಓಕೇಸಿ ಇದ್ದಾನೆ. ಯೇಟ್ಸ್ ಇದ್ದಾನೆ, ನಾಡನ್ನೇ ಬಿಟ್ಟುಹೋದ ಜಾಯ್ಸ್ ಇದ್ದಾನೆ. ಕ್ಯಾಥೊಲಿಕರೂ ಇದ್ದಾರೆ, ಪ್ರಾಟೆಸ್ಟಂಟರೂ ಇದ್ದಾರೆ. ಇವರಲ್ಲಿ ಬಹುಮಂದಿ ಬರೆದದ್ದು ಆಳಿದವರ ಭಾಷೆಯಾದ ಇಂಗ್ಲಿಷಿನಲ್ಲಿ. ಆದರೆ ಸಿಂಗ್‌ನಂಥವರು ಅದನ್ನು ಪಶ್ಚಿಮ ಕರಾವಳಿಯ ಜನರ ಮಾತಿನ ಲಯಕ್ಕೆ ಒಗ್ಗಿಸಿಕೊಂಡಿದ್ದರು. ಹಾಗೆಂದು ಸ್ವಜನರು ಇವರನ್ನು ಸುಲಭವಾಗಿ ಒಪ್ಪಿಕೊಂಡಿರಲಿಲ್ಲ. 1907ರಲ್ಲಿ ಸಿಂಗ್‌ನ ನಾಟಕಕ್ಕೂ 1926ರಲ್ಲಿ ಓಕೇಸಿಯ ನಾಟಕಕ್ಕೂ ಅಬ್ಬಿ ರಂಗಮಂದಿರದಲ್ಲಿ ಗಲಭೆಗಳಾದವು. ಗಲಭೆಯೆಬ್ಬಿಸಿದವರು ಆಂಗ್ಲರಲ್ಲ, ನಾಡಿನ ಮಾನಕ್ಕೆ ಕುಂದು ಬಂದಿತೆಂದು ನೊಂದ ಐರಿಷ್ ದೇಶಾಭಿಮಾನಿಗಳು.

1930ರಲ್ಲಿ ಕಿಟಕಿ ಸಿದ್ಧವಾಯಿತು. ಅದನ್ನು ಕಂಡ ಸರ್ಕಾರದ ಮುಖ್ಯಸ್ಥ ಕಾಸ್‌ಗ್ರೇವ್ ಆಕ್ಷೇಪವೆತ್ತಿದ. ಮುಖ್ಯ ಆಕ್ಷೇಪ ಓಫ್ಲಾಹರ್ಟಿಯ ಕಾದಂಬರಿಯನ್ನು ಚಿತ್ರಿಸಿದ ಫಲಕಕ್ಕೆ: ತೆಳುವಾದ ಮುಸುಕೊಂದನ್ನೇ ಹೊದ್ದು ನರ್ತಿಸುವ ಹೆಣ್ಣು, ಅವಳನ್ನು ನೋಡುತ್ತಿರುವ ಗಂಡು. ಗ್ರಂಥಗಳನ್ನು ನಿರ್ಬಂಧಿಸುವ ಕಾಯಿದೆ 1929ರಲ್ಲಿಯೇ ಜಾರಿಗೆ ಬಂದಿತ್ತು. ಇಂಥ ಚಿತ್ರ ಐರ್ಲೆಂಡಿನ ಹೆಸರಿನಲ್ಲಿ ಜಿನೀವಾದಲ್ಲಿ ನಿಲ್ಲುವುದು ಸರ್ಕಾರಕ್ಕೆ ಸಮ್ಮತವಾಗಲಿಲ್ಲ.

ಆಳುವವರ ಈ ಅಳುಕನ್ನು ಮೂಢತನವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಐರಿಷ್‌ನವನೆಂದರೆ ಕುಡುಕ, ಒರಟ, ವಾನರಮುಖದವನೆಂದು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ವ್ಯಂಗ್ಯಪತ್ರಿಕೆಗಳು ಚಿತ್ರಿಸುತ್ತ ಬಂದಿದ್ದವು. ಅಷ್ಟು ಅವಮಾನ ಉಂಡ ಜನ ಲೋಕಕ್ಕೆ ಕಳಂಕವಿಲ್ಲದ ಮುಖವನ್ನೇ ತೋರಿಸಬೇಕೆಂದು ಬಯಸಿದ್ದು ಸಹಜ. ಆದರೆ ಪರರ ನಿಂದೆಗೆ ಹೆದರಿ ಬರೆಸಿಕೊಂಡ ಚಿತ್ರದಲ್ಲಿ ನಿಂದಿಸಿದವನೇ ಉಳಿಯುತ್ತಾನೆ. ಬಿಡಿಸಬೇಕಾದುದನ್ನೂ ಬಿಡಬೇಕಾದುದನ್ನೂ ಮರೆಯಲ್ಲಿ ನಿಂತು ಅವನೇ ನಿರ್ಧರಿಸುತ್ತಾನೆ. ಕ್ಲಾರ್ಕ್ ಆ ಭಯವನ್ನು ದಾಟಿದ್ದ. ಭಕ್ತಿಯನ್ನೂ ಕಾಮವನ್ನೂ, ಪುರಾಣವನ್ನೂ ಪೇಟೆಯ ಬಡತನವನ್ನೂ ಒಂದೇ ಚೌಕಟ್ಟಿನಲ್ಲಿಟ್ಟು, ಇದೆಲ್ಲವೂ ನಾವೇ ಎಂದ.

ಕ್ಷಯರೋಗದಿಂದ ನರಳುತ್ತಿದ್ದ ಕ್ಲಾರ್ಕ್, ಸ್ವಿಟ್ಜರ್ಲೆಂಡಿನಲ್ಲಿ ಚಿಕಿತ್ಸೆ ಪಡೆದು ಊರಿಗೆ ಮರಳುವ ದಾರಿಯಲ್ಲಿ 1931ರ ಜನವರಿಯಲ್ಲಿ ತೀರಿಕೊಂಡ. ಆಗ ಅವನಿಗೆ ನಲವತ್ತೊಂದು ವರ್ಷ. ಕಿಟಕಿ ಸೇರಬೇಕಾಗಿದ್ದ ದೇಶದಲ್ಲಿಯೇ ಅದನ್ನು ಮಾಡಿದವನ ಉಸಿರು ನಿಂತಿತು. ಕಿಟಕಿ ಮಾತ್ರ ಅಲ್ಲಿಗೆ ಹೋಗಲಿಲ್ಲ. ಸರ್ಕಾರ ಕೊಟ್ಟಿದ್ದ ಹಣವನ್ನು ಹಿಂದಿರುಗಿಸಿ ಅವನ ಪತ್ನಿ, ಸ್ವತಃ ಚಿತ್ರಕಾರಳಾಗಿದ್ದ ಮಾರ್ಗರೆಟ್, ಅದನ್ನು ಬಿಡಿಸಿಕೊಂಡಳು. 1988ರಲ್ಲಿ ಅದು ಅಮೆರಿಕದ ಸಂಗ್ರಾಹಕನೊಬ್ಬನ ಕೈಸೇರಿತು. ಈಗ ಫ್ಲಾರಿಡಾದ ಮಯಾಮಿ ಬೀಚ್‌ನ ವುಲ್ಫ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಅಂದು ಒಪ್ಪಿಗೆಯಾಗದ ಆ ಹದಿನೈದು ಮಂದಿಯಲ್ಲಿ ಯೇಟ್ಸ್, ಶಾ, ಸಿಂಗ್, ಜಾಯ್ಸ್ ಇವರ ಹೆಸರುಗಳಿಂದಲೇ ಇಂದು ಲೋಕ ಐರ್ಲೆಂಡನ್ನು ಗುರುತಿಸುತ್ತದೆ. ಅವರನ್ನು ನೋಡಲು ಬಂದವರಿಗೆ ಡಬ್ಲಿನ್ ತನ್ನ ಬೀದಿಗಳನ್ನು ಹೆಮ್ಮೆಯಿಂದ ತೋರಿಸುತ್ತದೆ. ಅವರೆಲ್ಲರನ್ನೂ ಒಟ್ಟಿಗೆ ಕೂಡಿಸಿದ ಗಾಜನ್ನು ನೋಡಬೇಕಾದರೆ ಮಾತ್ರ ಅಟ್ಲಾಂಟಿಕ್ ಸಾಗರವನ್ನು ದಾಟಬೇಕು.