ನಡುಗಡಲಿನ ತುರ್ತು ದುರಸ್ತಿ

ಕಡಲಯಾನದಲ್ಲಿ ಹಡಗಿಗೆ ಅಥವಾ ದೋಣಿಗೆ ಹಾನಿಯಾದಾಗ, ಬೇರೆ ಉದ್ದೇಶಕ್ಕೆಂದು ಅದರಲ್ಲಿ ಇರಿಸಿಕೊಂಡ ವಸ್ತುಗಳನ್ನೇ ಬಿಡಿಭಾಗಗಳಂತೆ ಬಳಸಿ ದಡ ಮುಟ್ಟುವ ಮಟ್ಟಿಗೆ ಅದನ್ನು ಸರಿಪಡಿಸಿಕೊಳ್ಳುವ ಕೌಶಲವನ್ನು ತುರ್ತು ದುರಸ್ತಿ ಎನ್ನಬಹುದು. ಇದರ ಚರಿತ್ರೆಯನ್ನು ನಾವಿಕರ ಜಾಣ್ಮೆಯ ಕಥೆಗಳ ಮಾಲೆಯಾಗಿ ಹೇಳುವುದು ರೂಢಿಯಾದರೂ, ಆಯಾ ಕಾಲದ ಹಡಗು ತನ್ನೊಡಲಲ್ಲಿ ಏನನ್ನು ಹೊತ್ತು ಸಾಗುತ್ತಿತ್ತು ಎಂಬುದೇ ಈ ಜಾಣ್ಮೆಯ ಸ್ವರೂಪವನ್ನು ಬಹುಮಟ್ಟಿಗೆ ನಿರ್ಧರಿಸಿದೆ.

ಹಾಯಿಹಡಗುಗಳ ಕಾಲದಲ್ಲಿ ಮರ, ಹಗ್ಗ, ಹಾಯಿಬಟ್ಟೆ ಮತ್ತು ಡಾಂಬರು ಹೇರಳವಾಗಿ ಜೊತೆಗಿರುತ್ತಿದ್ದವು. ಬಡಗಿಯೂ ಸಿಬ್ಬಂದಿಯಲ್ಲಿ ಒಬ್ಬನಾಗಿರುತ್ತಿದ್ದನು. ಹೀಗಾಗಿ ಕೂವೆಮರ, ಅಂದರೆ ಹಾಯಿಯನ್ನು ಹೊರುವ ಕಂಬ, ಮುರಿದುಬಿದ್ದರೆ ಹಾಯಿಯ ಅಡ್ಡಮರವನ್ನೇ ನೆಟ್ಟಗೆ ನಿಲ್ಲಿಸಿ ಕಟ್ಟಿಕೊಳ್ಳುವುದು ವೃತ್ತಿಯ ಮಾಮೂಲಿ ಕೆಲಸಗಳಲ್ಲಿ ಒಂದಾಗಿತ್ತು. 1620ರಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಮೇಫ್ಲವರ್ ಹಡಗಿನ ಮುಖ್ಯ ತೊಲೆಯೊಂದು ಬಿರುಗಾಳಿಗೆ ಬಾಗಿ ಸೀಳಿದಾಗ, ಪ್ರಯಾಣಿಕರು ಹಾಲೆಂಡಿನಿಂದ ತಂದಿದ್ದ ದೊಡ್ಡ ಕಬ್ಬಿಣದ ತಿರುಪಿನಿಂದ ಅದನ್ನು ಮೇಲೆತ್ತಿ, ಕೆಳಗೆ ಕಂಬ ಕೊಟ್ಟು ಪ್ರಯಾಣವನ್ನು ಮುಂದುವರಿಸಲಾಯಿತು.

ಈ ಪರಂಪರೆಯ ಹೆಚ್ಚು ಬೋಧಪ್ರದ ನಿದರ್ಶನ ಜೇಮ್ಸ್ ಕುಕ್‌ನ ಎಂಡೆವರ್ ಹಡಗಿನದು. 1770ರ ಜೂನ್ 11ರ ರಾತ್ರಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಕ್ಕೆ ಸಿಕ್ಕಿಕೊಂಡ ಆ ಹಡಗನ್ನು ಹಗುರಗೊಳಿಸಲು ಆರು ಫಿರಂಗಿಗಳನ್ನೂ ಇತರ ಸಾಮಾನುಗಳನ್ನೂ ಸಮುದ್ರಕ್ಕೆ ಎಸೆಯಲಾಯಿತು. ಮರುದಿನ ರಾತ್ರಿಯ ಭರತದಲ್ಲಿ ಹಡಗು ದಿಬ್ಬದಿಂದ ಬಿಡಿಸಿಕೊಂಡಿತಾದರೂ ಸೋರಿಕೆ ನಿಂತಿರಲಿಲ್ಲ. ಆಗ ಜೋನಥನ್ ಮಂಕ್‌ಹೌಸ್ ಎಂಬ ಕಿರಿಯ ಅಧಿಕಾರಿ ಹಿಂದೊಮ್ಮೆ ವರ್ಜೀನಿಯಾದಿಂದ ಬರುತ್ತಿದ್ದ ವ್ಯಾಪಾರಿ ಹಡಗಿನಲ್ಲಿ ಕಂಡಿದ್ದ ಉಪಾಯವನ್ನು ಮುಂದಿಟ್ಟನು. ಹಳೆಯ ಹಗ್ಗ ಬಿಡಿಸಿ ತೆಗೆದ ನಾರನ್ನೂ ಉಣ್ಣೆಯನ್ನೂ ಸಣ್ಣಗೆ ಕತ್ತರಿಸಿ, ಹಾಯಿಬಟ್ಟೆಯೊಂದರ ಮೇಲೆ ಹಿಡಿಹಿಡಿಯಾಗಿ ಅಂಟಿಸಿ, ಅದರ ಮೇಲೆ ಹಡಗಿನಲ್ಲಿದ್ದ ಕುರಿಗಳ ಹಿಕ್ಕೆಯನ್ನು ಹರಡಿ, ಹಗ್ಗಗಳಿಂದ ಹಡಗಿನ ತಳದಡಿ ಎಳೆಯಲಾಯಿತು. ರಂಧ್ರದ ಬಳಿ ಬಂದೊಡನೆ, ಒಳನುಗ್ಗುವ ನೀರೇ ನಾರನ್ನೂ ಬಟ್ಟೆಯನ್ನೂ ಸೆಳೆದು ಬಿರುಕಿಗೆ ತುರುಕಿತು. ಹಾನಿ ಮಾಡುವ ಶಕ್ತಿಯನ್ನೇ ದುರಸ್ತಿಗೆ ದುಡಿಸಿಕೊಂಡದ್ದು ಈ ವಿಧಾನದ ಹೆಚ್ಚುಗಾರಿಕೆ. ಬಳಿಕ ನದೀಮುಖವೊಂದರಲ್ಲಿ ಹಡಗನ್ನು ದಡಕ್ಕೆಳೆದು ನೋಡಿದಾಗ ದೊಡ್ಡ ಹವಳದ ತುಂಡೊಂದು ರಂಧ್ರದಲ್ಲಿಯೇ ಸಿಕ್ಕಿಕೊಂಡಿದ್ದುದು ಕಂಡುಬಂತು. ಅದೃಷ್ಟದ ಪಾಲೂ ಇತ್ತೆಂಬುದನ್ನು ಮರೆಯಲಾಗದು.

ಮರ, ಬಟ್ಟೆಗಳ ಇದೇ ಪರಂಪರೆ ಇಪ್ಪತ್ತನೆಯ ಶತಮಾನದಲ್ಲೂ ನೆರವಿಗೆ ಬಂತು. 1916ರಲ್ಲಿ ಧ್ರುವ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್‌ನ ತಂಡ ಅಂಟಾರ್ಕ್ಟಿಕದ ಬಳಿ ಎಲಿಫೆಂಟ್ ದ್ವೀಪದಲ್ಲಿ ಸಿಲುಕಿದ್ದಾಗ, ಬಡಗಿ ಹ್ಯಾರಿ ಮೆಕ್‌ನಿಶ್ ಜೇಮ್ಸ್ ಕೇರ್ಡ್ ಎಂಬ ತೆರೆದ ದೋಣಿಗೆ ಹಿಮಬಂಡಿಯ ಪಟ್ಟಿಗಳು, ಪೆಟ್ಟಿಗೆಗಳ ಹಲಗೆ ಮತ್ತು ಹಾಯಿಬಟ್ಟೆಯಿಂದ ಮೇಲುಹೊದಿಕೆಯನ್ನು ಕಟ್ಟಿದನು. ಹಲಗೆಗಳ ಸಂದಿಗೆ ದೀಪದ ಬತ್ತಿಯನ್ನು ತುಂಬಿ, ತಂಡದ ಚಿತ್ರಕಾರನ ತೈಲವರ್ಣವನ್ನೂ ಸೀಲ್ ಪ್ರಾಣಿಯ ರಕ್ತವನ್ನೂ ಬಳಿಯಲಾಯಿತು. ಆರು ಮಂದಿಯನ್ನು ಹೊತ್ತ ಆ ದೋಣಿ ಏಪ್ರಿಲ್ 24ರಂದು ಹೊರಟು ಮೇ 10ರಂದು ದಕ್ಷಿಣ ಜಾರ್ಜಿಯಾವನ್ನು ತಲುಪಿತು.

ಉಕ್ಕಿನ ಒಡಲು ಮತ್ತು ಎಂಜಿನ್ನುಗಳು ಬಂದ ಬಳಿಕ ಹಡಗಿನೊಳಗಿನ ಕಚ್ಚಾಸಾಮಗ್ರಿ ಕಡಿಮೆಯಾಗಿ, ಮಲಗುವ ಕೋಣೆ, ಅಡುಗೆಮನೆಗಳ ವಸ್ತುಗಳತ್ತ ಕೈಚಾಚಬೇಕಾಯಿತು. 1921ರ ಮೇ ತಿಂಗಳಲ್ಲಿ ಹವಾಯಿಯ ಬಳಿ ಇಂಧನ ಮುಗಿದು ನಿಂತ ಅಮೆರಿಕದ ಆರ್-14 ಜಲಾಂತರ್ಗಾಮಿಯ ಸಿಬ್ಬಂದಿ ತೂಗುಹಾಸಿಗೆಗಳನ್ನು ಹೊಲಿದು ಮುಂದಿನ ಹಾಯಿಯನ್ನೂ, ಕಂಬಳಿಗಳಿಂದ ಉಳಿದೆರಡು ಹಾಯಿಗಳನ್ನೂ ಮಾಡಿ, ಟಾರ್ಪಿಡೊ ಎತ್ತುವ ಕ್ರೇನಿಗೂ ರೇಡಿಯೊ ಕಂಬಕ್ಕೂ ಕಟ್ಟಿದರು. ಮಂಚಗಳ ಕೊಳವೆ ಚೌಕಟ್ಟುಗಳು ಅಡ್ಡಮರಗಳಾದವು. 64 ಗಂಟೆಗಳ ಕಾಲ ಹೀಗೆ ಸಾಗಿ ಅವರು ಹಿಲೊ ಬಂದರನ್ನು ಸೇರಿದರು.

ಸಣ್ಣ ಯಂತ್ರದೋಣಿಗಳಲ್ಲಿ ಬೆಳೆದುಬಂದ ಉಪಾಯಗಳು ಇಷ್ಟು ರೋಚಕವಲ್ಲದಿದ್ದರೂ ಹೆಚ್ಚು ಬಳಕೆಯಲ್ಲಿವೆ. ಹರಿದ ಫ್ಯಾನ್ ಬೆಲ್ಟಿನ ಬದಲಿಗೆ ನೈಲಾನ್ ಕಾಲುಚೀಲವನ್ನು ಬಿಗಿದು ಕಟ್ಟುವುದು ಪ್ರಸಿದ್ಧವಾಗಿದೆಯಾದರೂ, ಅದು ಬೇಗ ಹಿಗ್ಗುವುದರಿಂದ ಎಂಜಿನ್ನನ್ನು ನಿಧಾನವಾಗಿ ಓಡಿಸಿದರಷ್ಟೇ ಸ್ವಲ್ಪ ಹೊತ್ತು ತಾಳುತ್ತದೆ. ಹೊಗೆಕೊಳವೆ ಸೀಳಿದರೆ ಪಾನೀಯದ ಅಲ್ಯೂಮಿನಿಯಂ ಡಬ್ಬಿಯನ್ನು ಕತ್ತರಿಸಿ ಸುತ್ತಿ, ಎರಡೂ ಬದಿಗೆ ಕ್ಲಿಪ್ ಹಾಕಲಾಗುತ್ತದೆ. ಇವೆರಡಕ್ಕಿಂತ ಉಪಯುಕ್ತವಾದುದು ಎಂಜಿನ್ನನ್ನೇ ಪಂಪಾಗಿಸುವ ಕ್ರಮ: ಎಂಜಿನ್ ತಣಿಸಲು ಸಮುದ್ರದ ನೀರನ್ನು ಎಳೆದುಕೊಳ್ಳುವ ಕೊಳವೆಯ ಕವಾಟವನ್ನು ಮುಚ್ಚಿ, ಕೊಳವೆಯನ್ನು ಕಳಚಿ, ಬಾಯಿಗೆ ಅಡುಗೆಮನೆಯ ಜರಡಿಯನ್ನು ಕಟ್ಟಿ ದೋಣಿಯ ತಳದಲ್ಲಿ ನಿಂತ ನೀರಿಗೆ ಇಳಿಬಿಟ್ಟರೆ, ಎಂಜಿನ್ ಆ ನೀರನ್ನೇ ಕುಡಿದು ಹೊರಚೆಲ್ಲುತ್ತದೆ. ತಳದ ನೀರು ಬರಿದಾದ ಮೇಲೂ ಎಂಜಿನ್ ಓಡಿದರೆ ಅದು ಬಿಸಿಯೇರಿ ಕೆಡುವುದರಿಂದ ಒಬ್ಬರು ಬಳಿಯಲ್ಲೇ ನಿಂತಿರಬೇಕಾಗುತ್ತದೆ.

ಹೊರಗಿನ ನೆರವು ನಿಷಿದ್ಧವಾಗಿರುವ ಏಕಾಂಗಿ ವಿಶ್ವಪರ್ಯಟನೆ ಸ್ಪರ್ಧೆಗಳು ಈ ಕೌಶಲವನ್ನು ಹೊಸದಾಗಿ ಪರೀಕ್ಷೆಗೆ ಒಡ್ಡಿವೆ. 1968ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅಟ್ಲಾಂಟಿಕ್‌ನಲ್ಲಿ ನೀರಿಗಿಳಿದು, ಸುಹೇಲಿ ದೋಣಿಯ ಸೋರುವ ಸಂದಿಗೆ ಹತ್ತಿ ತುಂಬಿ, ಹಾಯಿಬಟ್ಟೆಯ ಪಟ್ಟಿಯನ್ನೂ ತಾಮ್ರದ ತಗಡನ್ನೂ ಮೊಳೆ ಹೊಡೆದು ಕೂರಿಸಿದರು. 2000–01ರ ವಾಂದೇ ಗ್ಲೋಬ್ ಸ್ಪರ್ಧೆಯಲ್ಲಿ ಕೂವೆಮರ ಮುರಿದುಕೊಂಡ ಫ್ರಾನ್ಸಿನ ಈವ್ ಪಾರ್ಲಿಯೆ ನ್ಯೂಜಿಲೆಂಡಿನ ಸ್ಟುವರ್ಟ್ ದ್ವೀಪದ ಬಳಿ ಲಂಗರು ಹಾಕಿ, ಇಂಗಾಲದ ನಾರಿನ ತುಂಡುಗಳನ್ನು ರಾಳದಿಂದ ಬೆಸೆದು, ರಾಳ ಗಟ್ಟಿಯಾಗಲು ಬೇಕಾದ ಶಾಖವನ್ನು ವಿದ್ಯುತ್ ಬಲ್ಬುಗಳಿಂದ ಪಡೆದರು. ಭಾರತದ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ 2022–23ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ಗಾಳಿಯ ದಿಕ್ಕನ್ನು ಅನುಸರಿಸಿ ತಾನಾಗಿ ಚುಕ್ಕಾಣಿ ಹಿಡಿಯುವ ಸಾಧನವು ಕೆಟ್ಟಾಗ ಶೌಚಾಲಯದ ಬಾಗಿಲನ್ನು ಕೊಯ್ದು ಅದನ್ನು ಸರಿಪಡಿಸಿಕೊಂಡು, ಎರಡನೆಯ ಸ್ಥಾನ ಪಡೆದರು.