ಕೃತಕ ಕೀಲಿನ ತೀವ್ರ ಸೋಂಕು: ದಿನಗಳ ಲೆಕ್ಕದ ಚಿಕಿತ್ಸೆಯ ಚರಿತ್ರೆ

ಸವೆದ ಸೊಂಟದ ಕೀಲನ್ನು ತೆಗೆದು ಲೋಹದ ಗುಂಡು ಮತ್ತು ಪಾಲಿಎಥಿಲೀನ್ ಬಟ್ಟಲನ್ನು ಕೂಡಿಸುವ ವಿಧಾನವನ್ನು ಜಾನ್ ಚಾರ್ನ್‌ಲಿ 1962ರಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಆರಂಭಿಸಿದಾಗ, ಮೊದಲ ವರ್ಷಗಳಲ್ಲಿ ಸುಮಾರು ಶೇ. 7ರಷ್ಟು ರೋಗಿಗಳಿಗೆ ಸೋಂಕು ತಗುಲುತ್ತಿತ್ತು. ಗಾಳಿಯಲ್ಲಿ ತೇಲುವ ಸೂಕ್ಷ್ಮಾಣುಗಳೇ ಇದರ ಮೂಲವೆಂದು ನಂಬಿದ ಅವರು ಶಸ್ತ್ರಚಿಕಿತ್ಸಾ ಕೊಠಡಿಗೆ ಸೋಸಿದ ಗಾಳಿಯನ್ನು ಹರಿಸಿದರು. ಎಂಟು ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ 1982ರಲ್ಲಿ ಪ್ರಕಟವಾದ ಲಿಡ್‌ವೆಲ್ ತಂಡದ ಅಧ್ಯಯನದಲ್ಲಿ, ಅತಿಶುದ್ಧ ಗಾಳಿಯಿಂದ ಸೋಂಕು ಶೇ. 1.5ರಿಂದ 0.6ಕ್ಕೆ ಇಳಿದದ್ದು ಕಂಡುಬಂದಿತು.

ತಡೆಗಟ್ಟುವಿಕೆ ಇಷ್ಟು ಮುಂದುವರಿದರೂ, ಬಂದ ಸೋಂಕಿನ ಚಿಕಿತ್ಸೆ ಬಹುಕಾಲ ಕೀಲನ್ನು ಕಿತ್ತುಹಾಕುವುದರ ಸುತ್ತಲೇ ಇತ್ತು. ಹ್ಯಾಂಬರ್ಗ್‌ನ ಬುಕೋಲ್ಜ್ ಮೂಳೆ ಸಿಮೆಂಟಿನಲ್ಲಿ ಜೆಂಟಾಮೈಸಿನ್ ಬೆರೆಸಿ ಒಂದೇ ಸಲಕ್ಕೆ ಹೊಸ ಕೀಲು ಕೂಡಿಸಿದರೆ, ನ್ಯೂಯಾರ್ಕಿನ ಇನ್‌ಸಾಲ್ ತಂಡ 1983ರಲ್ಲಿ ಮೊಣಕಾಲಿಗೆ ಎರಡು ಹಂತದ ಮಾರ್ಗವನ್ನು ಪ್ರಕಟಿಸಿತು. ಇವೆರಡೂ ಹಳೆಯ, ಬೇರೂರಿದ ಸೋಂಕಿಗೆ ಹೆಚ್ಚು ಹೊಂದುತ್ತವೆ.

ತೀವ್ರ ಸೋಂಕು, ಅಂದರೆ ಶಸ್ತ್ರಚಿಕಿತ್ಸೆಯ ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುವ ಅಥವಾ ಚೆನ್ನಾಗಿದ್ದ ಕೀಲಿಗೆ ರಕ್ತದ ಮೂಲಕ ದಿಢೀರನೆ ತಲುಪುವ ಸೋಂಕು, ಬೇರೆ ಲೆಕ್ಕವನ್ನು ಕೇಳುತ್ತದೆ. ಬ್ಯಾಕ್ಟೀರಿಯಾಗಳು ಲೋಹದ ಮೇಲೆ ಅಂಟಿಕೊಂಡು ತಮ್ಮದೇ ಲೋಳೆಯ ಪೊರೆಯನ್ನು ಕಟ್ಟಿಕೊಳ್ಳುತ್ತವೆ. ಜೈವಿಕ ಪೊರೆ ಎಂದು ಕರೆಯುವ ಇದು ಕಲ್ಲಿನ ಮೇಲಿನ ಪಾಚಿಯಂತೆ ದಿನಕಳೆದಂತೆ ಗಟ್ಟಿಯಾಗಿ, ಪ್ರತಿಜೀವಕ ಔಷಧಗಳಿಗೆ ಜಗ್ಗದಾಗುತ್ತದೆ. ಪೊರೆ ಬಲಿಯುವ ಮುನ್ನ ಗಾಯವನ್ನು ತೆರೆದು, ಕೆಟ್ಟ ಅಂಗಾಂಶವನ್ನು ಕತ್ತರಿಸಿ, ಧಾರಾಳವಾಗಿ ತೊಳೆದು, ಕಳಚಬಹುದಾದ ಪ್ಲಾಸ್ಟಿಕ್ ಭಾಗವನ್ನು ಬದಲಿಸಿ, ಭದ್ರವಾಗಿ ಕುಳಿತ ಲೋಹವನ್ನು ಹಾಗೆಯೇ ಉಳಿಸಿಕೊಳ್ಳುವ ಚಿಕಿತ್ಸೆಗೆ ವೈದ್ಯರು ಸಂಕ್ಷಿಪ್ತವಾಗಿ 'ಡೇರ್' ಎನ್ನುತ್ತಾರೆ. 2004ರಲ್ಲಿ ಜಿಮ್ಮರ್ಲಿ ಮತ್ತು ಸಂಗಡಿಗರು ಇದಕ್ಕೆ ಹಾಕಿದ ಮುಖ್ಯ ಷರತ್ತು, ಲಕ್ಷಣಗಳು ಮೂರು ವಾರ ಮೀರಿರಬಾರದು ಎಂಬುದು.

ಅದೇ ಜಿಮ್ಮರ್ಲಿಯವರ 1998ರ ಪ್ರಯೋಗವು ಕ್ಷಯದ ಔಷಧವಾದ ರಿಫಾಂಪಿಸಿನ್‌ಗೆ ಇಲ್ಲಿ ಪ್ರತಿಷ್ಠೆ ತಂದಿತು: ಸ್ಟ್ಯಾಫಿಲೊಕಾಕಸ್ ಸೋಂಕಿದ್ದು ಚಿಕಿತ್ಸೆ ಪೂರೈಸಿದವರಲ್ಲಿ ಈ ಔಷಧ ಸೇರಿದ 12 ಮಂದಿಯೂ, ಸೇರದ 12ರಲ್ಲಿ 7 ಮಂದಿಯೂ ಗುಣವಾದರು. ಇಷ್ಟು ಸಣ್ಣ ಪ್ರಯೋಗದ ಮೇಲೆ ಇಷ್ಟು ದೊಡ್ಡ ರೂಢಿ ನಿಂತದ್ದು ಅಚ್ಚರಿಯೇ. 2020ರ ನಾರ್ವೆಯ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. ರಿಫಾಂಪಿಸಿನ್ ಒಂದನ್ನೇ ಕೊಟ್ಟರೆ ರೋಗಾಣು ಬೇಗ ಪ್ರತಿರೋಧ ಗಳಿಸುತ್ತದೆಂಬುದರಲ್ಲಿ ಮಾತ್ರ ವಿವಾದವಿಲ್ಲ.

ಭಾರತದಲ್ಲಿ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮೊಣಕಾಲು ಕೀಲಿನ ಬೆಲೆಯನ್ನು 54,720 ರೂಪಾಯಿಗೆ ಮಿತಿಗೊಳಿಸಿದ ಮೇಲೆ ಕೀಲಿನ ಖರ್ಚು ತಗ್ಗಿದರೂ, ಸೋಂಕು ಬಂದಾಗ ಎದುರಾಗುವುದು ಆಸ್ಪತ್ರೆ ಎಷ್ಟು ದೂರವೆಂಬ ಪ್ರಶ್ನೆ. ಉದಾಹರಣೆಗೆ, ಕೊಪ್ಪಳ ಮತ್ತು ಹೊಸಪೇಟೆಯ ನಡುವಿನ ರೈಲುಹಳಿಯ ಮೇಲಿರುವ ಗಿಣಿಗೇರಾ ಎಂಬ ಊರಿಗೆ ಕೊಪ್ಪಳದ ವೈದ್ಯಕೀಯ ಕಾಲೇಜು ಹತ್ತಿರವಿದ್ದರೂ ಅದು ಈಚಿನದು. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಕಾಲೇಜು ಪಡುವಣ ದಿಕ್ಕಿಗೂ, 1961ರಲ್ಲಿ ಆರಂಭವಾದ ಬಳ್ಳಾರಿಯ ಕಾಲೇಜು ಮೂಡಣ ದಿಕ್ಕಿಗೂ ಅದೇ ಹಳಿಯ ಮೇಲಿವೆ. ಹೊಲಿಗೆ ಒಸರತೊಡಗಿದಾಗ ಔಷಧದಂಗಡಿಯ ಪ್ರತಿಜೀವಕ ಗುಳಿಗೆಯನ್ನು ನುಂಗಿ ಕಾಯುವುದರಿಂದ ಎರಡು ಹಾನಿಗಳಿವೆ: ಮೂರು ವಾರಗಳ ಅವಧಿ ಕರಗುತ್ತದೆ, ಕೀಲಿನ ದ್ರವವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದಾಗ ರೋಗಾಣು ಸಿಗದೆಹೋಗಬಹುದು. ಫ್ರಾನ್ಸಿನ 2021ರ ಅಧ್ಯಯನದಲ್ಲಿ 6 ವಾರಗಳ ಔಷಧ ಪಡೆದವರಲ್ಲಿ ಶೇ. 18.1ರಷ್ಟು, 12 ವಾರ ಪಡೆದವರಲ್ಲಿ ಶೇ. 9.4ರಷ್ಟು ಮಂದಿಗೆ ಸೋಂಕು ಉಳಿದದ್ದರಿಂದ, ಊರಿಗೆ ಮರಳಿದ ಬಳಿಕವೂ ವಾರಗಟ್ಟಲೆ ಗುಳಿಗೆ, ಯಕೃತ್ತಿನ ರಕ್ತಪರೀಕ್ಷೆ ಮತ್ತು ಗಾಯದ ತಪಾಸಣೆ ಚಿಕಿತ್ಸೆಯ ಭಾಗವಾಗಿಯೇ ಮುಂದುವರಿಯಬೇಕಾಗುತ್ತದೆ.