ಸೇಂದಿ, ಸಾರಾಯಿ ಮತ್ತು ನಿಂಬೆಯ ಲೋಟ

ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಹಿಂದೆ ಬೇಡ ನಾಯಕರ ಸಂಸ್ಥಾನ. ಹೈದರಾಬಾದಿನ ನಿಜಾಮರಿಗೆ ಕಪ್ಪ ಸಲ್ಲಿಸುತ್ತಿತ್ತು. 1956ರಲ್ಲಿ ರಾಯಚೂರು ಕನ್ನಡ ನಾಡಿಗೆ ಸೇರಿತಾದರೂ ನಿಜಾಮರ ಕಚೇರಿಯ ಅನೇಕ ಮಾತುಗಳು ಜನರ ಬಾಯಲ್ಲಿ ಉಳಿದವು. ‘ಸೇಂದಿ’ ಅಂಥದೊಂದು. ಈಚಲು ಮರದಿಂದ ಇಳಿಸಿದ ಪೇಯಕ್ಕೆ ಹೈದರಾಬಾದ್ ಸರ್ಕಾರ ಬರೆದಿಟ್ಟ ಹೆಸರು ಅದು. ಅದರ ತೆರಿಗೆ ವಸೂಲು ಮಾಡುವ ‘ಅಬಕಾರಿ’ಯೂ ಪಾರ್ಸಿಯಿಂದಲೇ ಬಂದದ್ದು: ಆಬ್ ಎಂದರೆ ನೀರು, ಕಾರ್ ಎಂದರೆ ಕೆಲಸ. ಹೆಂಡದ ಇಲಾಖೆಗೆ ‘ನೀರಿನ ಕೆಲಸ’ ಎಂಬ ಹೆಸರು ಬಿದ್ದದ್ದು ತಮಾಷೆಯೇ ಸರಿ. ಮನೆಮಾತಿನ ‘ಕಳ್ಳು’ ಮಾತ್ರ ತಮಿಳು, ತೆಲುಗು, ಮಲಯಾಳಗಳಲ್ಲೂ ಬಂಧುಗಳನ್ನು ಹೊಂದಿರುವ ಹಳೆಯ ದ್ರಾವಿಡ ಪದ.

ಪೇಯಗಳ ಹೆಸರು ಹೀಗೆ ಊರೂರು ಅಲೆಯುತ್ತದೆ. ಹಿಂದಿಯ ‘ತಾಡಿ’ ಇಂಗ್ಲಿಷರ ಬಾಯಲ್ಲಿ ‘ಟಾಡಿ’ಯಾಯಿತು. ‘ಅರಕ್’ ಎಂದರೆ ಅರಬ್ಬಿಯಲ್ಲಿ ಬೆವರು. ಭಟ್ಟಿಯ ಮೇಲ್ಭಾಗದಲ್ಲಿ ಹನಿಗೂಡುವ ದ್ರವವನ್ನು ಕಂಡವರಿಗೆ ಆ ಹೆಸರು ಹೇಗೆ ಹುಟ್ಟಿತೆಂದು ವಿವರಿಸಬೇಕಿಲ್ಲ.

ಅರಕ್ಕಿಗೆ ನಿಂಬೆರಸ, ಸಕ್ಕರೆ, ನೀರು, ಮಸಾಲೆ ಬೆರೆಸಿ ಈಸ್ಟ್ ಇಂಡಿಯಾ ಕಂಪನಿಯವರು ಕುಡಿಯುತ್ತಿದ್ದುದೇ ‘ಪಂಚ್’. ಈ ಮಾತು 1632ರ ಒಂದು ಪತ್ರದಲ್ಲಿ ಕಾಣಸಿಗುತ್ತದೆ. ಐದು ಪದಾರ್ಥಗಳಿರುವುದರಿಂದ ನಮ್ಮ ‘ಪಂಚ’ವೇ ಇದರ ಮೂಲವೆಂದು ಅದೇ ಶತಮಾನದ ಪ್ರವಾಸಿ ಜಾನ್ ಫ್ರಯರ್ ಬರೆದ. ಕೇಳಲು ಸೊಗಸಾದ ವಿವರಣೆ. ಆದರೆ ಆ ಕಾಲದ ಇಂಗ್ಲಿಷಿನಲ್ಲಿ ಅದರ ಉಚ್ಚಾರ ‘ಪುಂಚ್’ ಎಂಬುದಕ್ಕೆ ಹತ್ತಿರವಿತ್ತು. ‘ಪಂಚ’ಕ್ಕೆ ಆ ಉಕಾರ ಎಲ್ಲಿಂದ ಬಂತು? ಪದಾರ್ಥಗಳೂ ಎಲ್ಲೆಡೆ ಐದೇ ಇರಲಿಲ್ಲ. ‘ಪಂಚಿಯನ್’ ಎಂಬ ದೊಡ್ಡ ಪೀಪಾಯಿಯಿಂದ ಹೆಸರು ಬಂದಿರಬಹುದೆಂದು ಹೇಳುವವರಿದ್ದಾರೆ. ‘ಪಂಚ’ದ ಕಥೆಯನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ.

ಬ್ರೆಜಿಲ್ ದೇಶದ ‘ಕೈಪಿರಿನ್ಯಾ’ ಇದೇ ಬಗೆಯ ಪೇಯ. ಕಬ್ಬಿನ ರಸದಿಂದ ಭಟ್ಟಿ ಇಳಿಸಿದ ‘ಕಶಾಸ’, ಜಜ್ಜಿದ ನಿಂಬೆ, ಸಕ್ಕರೆ, ಮಂಜುಗಡ್ಡೆ, ಅಷ್ಟೇ. ‘ಕೈಪಿರಾ’ ಎಂದರೆ ಸಾವ್ ಪಾಲೋ ಒಳನಾಡಿನ ಹಳ್ಳಿಗ. ಪೇಟೆಯವರು ‘ಹಳ್ಳಿ ಗಮಾರ’ ಎಂದು ಹೀಯಾಳಿಸಲು ಬಳಸುತ್ತಿದ್ದ ಮಾತು. ಕೊನೆಗೆ ‘ಇನ್ಯಾ’ ಸೇರಿದರೆ ‘ಪುಟ್ಟ ಹಳ್ಳಿಗಿತ್ತಿ’ ಎಂಬಂತಾಗುತ್ತದೆ. ಜ್ವರಕ್ಕೆ ನಿಂಬೆ, ಬೆಳ್ಳುಳ್ಳಿ, ಜೇನು ಬೆರೆಸಿ ಕೊಡುತ್ತಿದ್ದ ಮದ್ದಿನಿಂದ ಇದು ಹುಟ್ಟಿತೆಂಬ ಕಥೆಯೂ ಅಲ್ಲಿದೆ. ಬೈಗುಳದಿಂದ ಹುಟ್ಟಿದ ಈ ಹೆಸರಿಗೆ 2003ರಲ್ಲಿ ಅಲ್ಲಿನ ಸರ್ಕಾರವೇ ಕಾನೂನಿನ ವ್ಯಾಖ್ಯೆ ಕೊಟ್ಟಿತು.

ಅದರಲ್ಲಿ ಬೀಳುವ ಸಕ್ಕರೆಯ ಹೆಸರು ಪೋರ್ಚುಗೀಸರ ‘ಅಸೂಕರ್’. ನಮ್ಮ ಸಕ್ಕರೆಯ ಮೂಲವಾದ ಸಂಸ್ಕೃತದ ‘ಶರ್ಕರಾ’ವೇ ಪಾರ್ಸಿ, ಅರಬ್ಬಿಗಳ ಮೂಲಕ ಅಲ್ಲಿಗೆ ತಲುಪಿದೆ. ಲಿಂಗಸುಗೂರಿನ ಸಂತೆಯ ಮಾತು ಸಾವ್ ಪಾಲೋದ ಲೋಟಕ್ಕೆ ದೂರದ ನೆಂಟ.

ನಮ್ಮಲ್ಲಿ ಹೆಸರಿನ ಪಾಡು ಬೇರೆಯೇ ಆಯಿತು. ಬಡವರ ಕೂಲಿಯನ್ನು ನುಂಗುತ್ತಿದ್ದ ಸಾರಾಯಿಯನ್ನು ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ನಿಷೇಧಿಸಿತು. ಸಾರಾಯಿ ಅಂಗಡಿಗಳು ಮುಚ್ಚಿದವು. ಅಗ್ಗದ ವಿಸ್ಕಿ, ರಮ್ಮುಗಳು ಹಳ್ಳಿ ಹೊಕ್ಕವು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟ ಮಹಿಳೆಯರಲ್ಲಿ ರಾಯಚೂರು ಜಿಲ್ಲೆಯವರೂ ಇದ್ದರು. ಬಾಟಲಿಯ ಮೇಲೆ ಯಾವ ಹೆಸರಿದೆ ಎಂಬುದು ಅವರ ತಕರಾರಾಗಿರಲಿಲ್ಲ.